ಮದ್ರಾಸು, ಮುಂಬಯಿ, ಬೆಂಗಳೂರು: ನಮ್ಮ ಮಾತು ಕೇಳುವ ಸಭೆ ಯಾವುದು?

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ಶಾಲೆಯ ನೆನಪುಗಳನ್ನೇ ಬರೆಯೋಣ ಎಂದುಕೊಂಡಿದ್ದೆ. ಆದರೆ ನೆನಪು ಬರೆಯುವವರು ಈ ಸಂಚಿಕೆಯಲ್ಲಿ ಬಹಳ ಜನ ಇರುತ್ತಾರೆ, ನನಗಿಂತ ಚೆನ್ನಾಗಿಯೂ ಬರೆಯುತ್ತಾರೆ. ನಾನು ಇಲ್ಲಿ ಸಮಾಜ ವಿಜ್ಞಾನ ಕಲಿಸಿದವನು. ತರಗತಿಯಲ್ಲಿ ಒಬ್ಬ ಹುಡುಗ ಕೇಳಿದ ಪ್ರಶ್ನೆಗೆ ಅಂದು ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಆ ಬಾಕಿಯನ್ನು ಇಲ್ಲಿ ತೀರಿಸಲು ನೋಡುತ್ತೇನೆ.

2014ರ ಸೆಪ್ಟೆಂಬರ್ ತಿಂಗಳು. ಸ್ಕಾಟ್ಲೆಂಡ್ ಬ್ರಿಟನ್ನಿನಿಂದ ಬೇರೆಯಾಗಬೇಕೋ ಬೇಡವೋ ಎಂದು ಅಲ್ಲಿ ಜನಮತ ಸಂಗ್ರಹ ನಡೆದಿತ್ತು, ಬೇಡ ಎಂದವರು ಶೇಕಡಾ 55 ಜನ. ಪತ್ರಿಕೆಯ ಆ ಸುದ್ದಿಯನ್ನು ಹತ್ತನೆಯ ತರಗತಿಯಲ್ಲಿ ಓದಿ ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಸರ್, ಸ್ಕಾಟ್ಲೆಂಡಿಗೆ ಬೇರೆ ಪಾರ್ಲಿಮೆಂಟ್ ಇದೆ, ವೇಲ್ಸಿಗೂ ಇದೆ ಅಂದ್ರಿ. ಇಂಗ್ಲೆಂಡಿಗೆ ಯಾಕಿಲ್ಲ?"

"ಲಂಡನ್ನಿನಲ್ಲಿ ಇರುವುದು ಮತ್ತೇನು ಮಾರಾಯ?" ಎಂದೆ.

"ಅದು ಎಲ್ಲಾರದ್ದಲ್ವಾ ಸರ್?"

ಅಷ್ಟರಲ್ಲಿ ಗಂಟೆ ಹೊಡೆಯಿತು. ನನಗೆ ಗಂಟೆಯ ಮೇಲೆ ಅಷ್ಟು ಪ್ರೀತಿ ಬಂದದ್ದು ಅದೇ ಮೊದಲು.

ಮನೆಗೆ ಬಂದು ಯೋಚಿಸಿದಾಗ ಅನಿಸಿತು, ಈ ಪ್ರಶ್ನೆ ಲಂಡನ್ನಿನಿಂದ ಬಂದದ್ದಾದರೂ ನಮ್ಮ ಹೊನ್ನಾವರ ಸೀಮೆಗೆ ಹೊಸದಲ್ಲ. ಇದೇ ನೆಲದ ಜನ ನೂರು ವರ್ಷಕ್ಕೂ ಹೆಚ್ಚು ಕಾಲ ಇದನ್ನು ಬೇರೆ ಬೇರೆ ಮಾತಿನಲ್ಲಿ ಕೇಳಿದ್ದಾರೆ. ನಮ್ಮ ವಿಷಯವನ್ನು ತೀರ್ಮಾನ ಮಾಡುವ ಸಭೆ ಎಲ್ಲಿ ಕೂರಬೇಕು? ಅದರಲ್ಲಿ ಯಾರು ಕೂರಬೇಕು? ನಮ್ಮ ಕೆಲಸದ ಬಗ್ಗೆ ನಮ್ಮವರಲ್ಲದವರು ಕೈ ಎತ್ತಬಹುದೇ?

ಮೊದಲಿನಿಂದ ಹೇಳುತ್ತೇನೆ. 1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಮೇಲೆ ಕಾರವಾರದಿಂದ ಮಂಗಳೂರಿನ ತನಕದ ಕರಾವಳಿ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಥಾಮಸ್ ಮನ್ರೋ ಇಲ್ಲಿಯ ಮೊದಲ ಕಲೆಕ್ಟರ್. ಇಡೀ ಕರಾವಳಿ ಮದ್ರಾಸ್ ಪ್ರಾಂತ್ಯದ ಒಂದೇ ಜಿಲ್ಲೆ, ಹೆಸರು ಕೆನರಾ. ಆರು ದಶಕಗಳ ನಂತರ ಅದನ್ನು ಉತ್ತರ, ದಕ್ಷಿಣ ಎಂದು ಎರಡು ಮಾಡಿದರು. 1862ರಲ್ಲಿ ಉತ್ತರ ಭಾಗವನ್ನು ಮದ್ರಾಸಿನಿಂದ ಕಿತ್ತು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಕುಂದಾಪುರ ತಾಲೂಕು ಮದ್ರಾಸಿನಲ್ಲೇ ಉಳಿಯಿತು.

ಯಾಕೆ ಕಿತ್ತರು? ಭಾಷೆಯ ಕಾರಣಕ್ಕಲ್ಲ, ಜನ ಕೇಳಿದ್ದಕ್ಕೂ ಅಲ್ಲ. ಹತ್ತಿಗಾಗಿ. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ನಮ್ಮ ಬಂದರುಗಳಿಗೆ ಬರುತ್ತಿತ್ತು. ಕುಮಟೆಯಿಂದ ಹಡಗು ಹತ್ತಿದ್ದರಿಂದ ಇಂಗ್ಲೆಂಡಿನ ಮಾರುಕಟ್ಟೆಯಲ್ಲಿ ಅದಕ್ಕೆ 'ಕುಮಟಾ ಹತ್ತಿ' ಎಂದೇ ಹೆಸರು. ಕುಮಟೆಯಲ್ಲಿ ಹತ್ತಿಯ ಗಿಡ ಹುಡುಕಿದರೂ ಸಿಗದು ಎಂಬುದು ಬೇರೆ ಮಾತು. ಆಗ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಿತ್ತು, ಮ್ಯಾಂಚೆಸ್ಟರಿನ ಗಿರಣಿಗಳು ಹಸಿದಿದ್ದವು. ಹತ್ತಿ ಬೆಳೆಯುವ ಧಾರವಾಡ ಮುಂಬಯಿಯದು, ಹತ್ತಿ ಸಾಗಿಸುವ ಬಂದರು ಮದ್ರಾಸಿನದು. ಘಟ್ಟದ ರಸ್ತೆಗೂ ಕಾರವಾರ ಬಂದರಿಗೂ ಮದ್ರಾಸು ಗಮನ ಕೊಡುತ್ತಿಲ್ಲ ಎಂದು ವ್ಯಾಪಾರಸ್ಥರ ದೂರು. ಹೀಗೆ ಹತ್ತಿಯ ಹಿಂದೆ ನಾವೂ ಹೋದೆವು.

ಅದರ ಹಿಂದಿನ ವರ್ಷ, 1861ರಲ್ಲಿ, ಪ್ರಾಂತ್ಯಗಳಿಗೆ ಕಾನೂನು ಸಭೆ ಕೊಡುವ ಕಾಯಿದೆಯನ್ನು ಬ್ರಿಟಿಷ್ ಪಾರ್ಲಿಮೆಂಟು ಮಾಡಿತ್ತು. ನಾವು ಮುಂಬಯಿಗೆ ಸೇರಿದ ಹೊತ್ತಿಗೇ ಮುಂಬಯಿಯ ಗವರ್ನರರ ಸಭೆಯೂ ಶುರುವಾಯಿತು. ಚುನಾಯಿತರು ಒಬ್ಬರೂ ಇಲ್ಲ, ಎಲ್ಲರೂ ಗವರ್ನರರು ನೇಮಿಸಿದವರು. ನಮ್ಮ ಕಾಡು, ಗದ್ದೆ, ಉಪ್ಪಿನ ಆಗರದ ಬಗ್ಗೆ ಕಾನೂನು ಮಾಡುವವರು ಶರಾವತಿಯನ್ನು ನಕ್ಷೆಯಲ್ಲಿ ಮಾತ್ರ ಕಂಡವರು. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಘಟ್ಟದ ಮೇಲಿನ ಅಡಿಕೆ ಬೆಳೆಗಾರರು ಸೊಪ್ಪು, ದರಕು, ಕಟ್ಟಿಗೆಯ ಹಕ್ಕಿಗಾಗಿ 'ವನದುಃಖ ನಿವಾರಣ ಸಭಾ' ಎಂಬ ಸಂಘವನ್ನೇ ಕಟ್ಟಿಕೊಳ್ಳಬೇಕಾಯಿತು. ಹೆಸರು ನೋಡಿ. ಸರ್ಕಾರದ ಸಭೆಯಲ್ಲಿ ಜಾಗವಿಲ್ಲದವರು ತಮ್ಮದೇ ಒಂದು ಸಭೆ ಮಾಡಿಕೊಂಡರು, ದುಃಖವನ್ನೇ ಅದರ ಹೆಸರಾಗಿ ಇಟ್ಟರು.

ಇನ್ನು ಗಡಿಗಳ ವಿಷಯ. ಈಗಿನ ಮಕ್ಕಳಿಗೆ ಇದನ್ನು ನಂಬಿಸುವುದು ಕಷ್ಟ. ಭಟ್ಕಳ ದಾಟಿ ಶಿರೂರಿಗೆ ಕಾಲಿಟ್ಟರೆ ಮದ್ರಾಸ್ ಪ್ರಾಂತ್ಯ. ಗೇರುಸೊಪ್ಪೆಯ ಘಟ್ಟ ಹತ್ತಿ ಸಾಗರದ ಕಡೆ ಹೋದರೆ ಮೈಸೂರು ಮಹಾರಾಜರ ಸೀಮೆ. ಕಾರವಾರದಾಚೆ ಪೋರ್ಚುಗೀಸರ ಗೋವಾ. ನಡುವೆ ನಾವು, ಮುಂಬಯಿಯವರು. ಜೋಗಕ್ಕೆ ಹೋದವರು ಅಲ್ಲಿಯ ಮೈಸೂರು ಬಂಗ್ಲೆ, ಬಾಂಬೆ ಬಂಗ್ಲೆ ಎಂಬ ಹೆಸರುಗಳನ್ನು ಕೇಳಿರುತ್ತೀರಿ. ನದಿಯ ಆ ಕಡೆ ಒಂದು ಸರ್ಕಾರ, ಈ ಕಡೆ ಇನ್ನೊಂದು. ನೀರು ಮಾತ್ರ ಎರಡನ್ನೂ ಕೇಳದೆ ಧುಮುಕಿ ಹೊನ್ನಾವರದಲ್ಲಿ ಕಡಲು ಸೇರುತ್ತಿತ್ತು. ತಾಲೂಕಿನ ಅಧಿಕಾರಿಗೆ ನಮ್ಮಲ್ಲಿ ಮಾಮಲೇದಾರ, ಕುಂದಾಪುರದಲ್ಲಿ ತಹಶೀಲ್ದಾರ, ಸಾಗರದಲ್ಲಿ ಅಮಲ್ದಾರ. ಮೂರೂ ಕಡೆ ಜನ ಆಡುವುದು ಕನ್ನಡ, ಅರ್ಜಿ ಬರೆಯುವಾಗ ಮಾತ್ರ ಮೂರು ಬಗೆ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನು ನಮ್ಮಲ್ಲಿ ಮಾಸ್ತರನಾಗುತ್ತಿದ್ದ. ನಮ್ಮ ಅಜ್ಜಂದಿರು "ನಾನು ಮುಲ್ಕಿ ಆದವ" ಎಂದು ಎದೆ ಉಬ್ಬಿಸಿ ಹೇಳುತ್ತಿದ್ದುದನ್ನು ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಕೇಳಿರಬಹುದು.

ಕನ್ನಡ ಜಿಲ್ಲೆಗಳೆಲ್ಲ ಒಂದಾಗಬೇಕು ಎಂಬ ಮಾತು ಮುಂಬಯಿಗೆ ಸೇರಿದ ಈ ಕಡೆಯಿಂದಲೇ ಎದ್ದದ್ದು ಸಹಜ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಆಲೂರು ವೆಂಕಟರಾಯರು 1917ರಲ್ಲಿ 'ಕರ್ನಾಟಕ ಗತವೈಭವ'ವನ್ನು ಪ್ರಕಟಿಸಿದರು. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ಸು ಭಾಷೆಯ ಆಧಾರದಲ್ಲಿ ಪ್ರಾಂತ ಸಮಿತಿಗಳನ್ನು ಒಪ್ಪಿತು, ಕರ್ನಾಟಕಕ್ಕೂ ಒಂದು ಸಮಿತಿ ಬಂತು. ಸರ್ಕಾರದ ಕಾಗದದಲ್ಲಿ ಕರ್ನಾಟಕ ಎಂಬುದು ಇಲ್ಲದ ಕಾಲಕ್ಕೆ ಕಾಂಗ್ರೆಸ್ಸಿನ ಕಾಗದದಲ್ಲಿ ಅದು ಇತ್ತು. 1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಕಾಂಗ್ರೆಸ್ ಅಧಿವೇಶನ ನಡೆದಾಗ ಅಲ್ಲಿಯೇ ಏಕೀಕರಣ ಪರಿಷತ್ತೂ ಸೇರಿತು, ಸಿದ್ದಪ್ಪ ಕಂಬಳಿಯವರು ಅಧ್ಯಕ್ಷರು. 1930ರಲ್ಲಿ ಅಂಕೋಲೆಯಲ್ಲಿ ಉಪ್ಪು ಮಾಡಿದವರು, ಅಂಕೋಲೆ ಸಿದ್ದಾಪುರಗಳಲ್ಲಿ ಕರ ಕೊಡದೆ ಮನೆ ಜಮೀನು ಕಳೆದುಕೊಂಡವರು ಸ್ವರಾಜ್ಯಕ್ಕಾಗಿ ಅದನ್ನು ಮಾಡಿದರು. ಆ ಸ್ವರಾಜ್ಯ ಬಂದಾಗ ಅದು ಕನ್ನಡದಲ್ಲಿ ಮಾತಾಡುತ್ತದೆ ಎಂದೂ ಅವರು ನಂಬಿದ್ದರು.

ಆದರೆ ಸಭೆ ಸಿಕ್ಕಿದ್ದು ಬೇರೆಯವರಿಗೆ. 1936ರಲ್ಲಿ ಸಿಂಧ್ ಮುಂಬಯಿಯಿಂದ ಬೇರೆಯಾಗಿ ತನ್ನದೇ ಪ್ರಾಂತವಾಯಿತು, ಒರಿಸ್ಸಾವೂ ಆಯಿತು. ಕನ್ನಡ ಜಿಲ್ಲೆಗಳು ಮಾತ್ರ ಮುಂಬಯಿಯಲ್ಲೇ ಉಳಿದವು. 1937ರ ಮುಂಬಯಿ ವಿಧಾನಸಭೆಯಲ್ಲಿ 175 ಜನ, 1952ರ ಸಭೆಯಲ್ಲಿ 315 ಜನ. ಬಹುಪಾಲು ಮರಾಠಿ ಮತ್ತು ಗುಜರಾತಿ ಸೀಮೆಯವರು. ಬೆಳಗಾವಿ, ಬಿಜಾಪುರ, ಧಾರವಾಡ, ಕೆನರಾ ಈ ನಾಲ್ಕು ಜಿಲ್ಲೆಯವರು ಎಷ್ಟು ಗಟ್ಟಿಯಾಗಿ ಕೂಗಿದರೂ ಕೈ ಎತ್ತುವಾಗ ಸೋಲುವವರು. ಸ್ವಾತಂತ್ರ್ಯ ಬಂದ ಎರಡು ವರ್ಷಕ್ಕೆ, 1949ರಲ್ಲಿ, ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅದರ ಕಚೇರಿಯೂ ಮೊದಲು ತೆರೆದದ್ದು ಮುಂಬಯಿಯಲ್ಲಿ. ಧಾರವಾಡಕ್ಕೆ ಬಂದದ್ದು ಆಮೇಲೆ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಮುಂಬಯಿ ನಮಗೆ ಅನ್ನ ಕೊಟ್ಟ ಊರು. ಕರಾವಳಿಯ ಎಷ್ಟೋ ಮನೆಗಳ ಒಬ್ಬ ಮಗ ಅಲ್ಲಿ ಹೋಟೆಲಿನಲ್ಲೋ ಗಿರಣಿಯಲ್ಲೋ ಆಫೀಸಿನಲ್ಲೋ ದುಡಿದು ಮನಿಯಾರ್ಡರ್ ಕಳಿಸಿದವನು. ಅಂಕೋಲೆ ಸೀಮೆಯ ದಿನಕರ ದೇಸಾಯಿಯವರು ಅಲ್ಲಿಯೇ ಕಾರ್ಮಿಕರ ನಡುವೆ ಕೆಲಸ ಮಾಡಿದರು. ಇಲ್ಲಿಯ ರೈತರನ್ನು ಸಂಘಟಿಸಿದ್ದಕ್ಕೆ ಸರ್ಕಾರ 1940ರಲ್ಲಿ ಅವರನ್ನು ಐದು ವರ್ಷ ಜಿಲ್ಲೆಯಿಂದ ಗಡೀಪಾರು ಮಾಡಿತು. ಮುಂಬಯಿ ಸರ್ಕಾರ ಬೇಡವಾಗಿದ್ದವರಿಗೂ ಮುಂಬಯಿ ಬೇಕಾಗಿತ್ತು. ಆ ತೊಡಕು ಏಕೀಕರಣದ ಭಾಷಣಗಳಲ್ಲಿ ಅಷ್ಟಾಗಿ ಕಾಣಿಸುವುದಿಲ್ಲ.

1953ರಲ್ಲಿ ಆಂಧ್ರ ಬೇರೆಯಾಗುವುದು ಖಚಿತವಾದಾಗ ಇಲ್ಲಿಯ ತಾಳ್ಮೆ ಕಟ್ಟೆಯೊಡೆಯಿತು. ಅಂದಾನಪ್ಪ ದೊಡ್ಡಮೇಟಿಯವರು ಮುಂಬಯಿ ವಿಧಾನಸಭೆಗೆ ರಾಜೀನಾಮೆ ಕೊಟ್ಟು ಉಪವಾಸ ಕೂತರು. ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಕೂತರು. ಹುಬ್ಬಳ್ಳಿಯಲ್ಲಿ ಜನ ಬೀದಿಗಿಳಿದರು, ಗಲಭೆಯಾಯಿತು. ಅದೇ ವರ್ಷದ ಕೊನೆಗೆ ಫಜಲ್ ಅಲಿಯವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು.

ಈಗ ನಾನು ಮುಖ್ಯವೆಂದು ತಿಳಿದ ವಿಷಯಕ್ಕೆ ಬರುತ್ತೇನೆ. ಏಕೀಕರಣದ ಕಥೆ ಹೇಳುವಾಗ ನಾವು ಮುಂಬಯಿ, ಮದ್ರಾಸು, ಹೈದರಾಬಾದಿನಿಂದ ಹೊರಬಂದದ್ದನ್ನು ಹೇಳುತ್ತೇವೆ. ಒಳಗೆ ಬರಗೊಟ್ಟ ಮನೆಯವರ ಮನಸ್ಸಿನಲ್ಲಿ ಏನಿತ್ತು ಎಂದು ಕೇಳುವುದಿಲ್ಲ. ಹಳೆ ಮೈಸೂರಿಗೆ ತನ್ನದೇ ಸಭೆ ಇತ್ತು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು, ದಸರೆಯ ಹೊತ್ತಿಗೆ ಸೇರುತ್ತಿತ್ತು. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. 1902ರಲ್ಲೇ ಶಿವನಸಮುದ್ರದಲ್ಲಿ ವಿದ್ಯುತ್ತು, 1916ರಲ್ಲಿ ವಿಶ್ವವಿದ್ಯಾಲಯ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಕನ್ನಂಬಾಡಿ ಕಟ್ಟೆ. ಕೂಡಿಟ್ಟದ್ದನ್ನು ಬಡ ದಾಯಾದಿಗಳೊಡನೆ ಹಂಚಿಕೊಳ್ಳಿ ಎಂದರೆ ಯಾರಿಗಾದರೂ ಅಳುಕು ಇರುತ್ತದೆ. ನಮ್ಮ ತೆರಿಗೆ ಅವರ ರಸ್ತೆಗೆ ಹೋಗುತ್ತದೆ, ನಮ್ಮ ಸಭೆಯಲ್ಲಿ ಅವರು ಬಂದು ಕೈ ಎತ್ತುತ್ತಾರೆ ಎಂದು ಅಲ್ಲಿಯ ಅನೇಕ ಶಾಸಕರು ಹೆದರಿದರು. ಮೈಸೂರು ಸರ್ಕಾರ ಸತ್ಯ ತಿಳಿಯಲು ಶೇಷಾದ್ರಿ ಸಮಿತಿಯನ್ನು ನೇಮಿಸಿ, ಬರಲಿರುವ ಪ್ರದೇಶಗಳ ಸ್ಥಿತಿಗತಿಯ ಲೆಕ್ಕ ತೆಗೆಸಿತು. ಕನ್ನಡಕ್ಕೆ ಎರಡು ರಾಜ್ಯಗಳಿರಲಿ, ಮೈಸೂರು ಮೈಸೂರಾಗಿಯೇ ಇರಲಿ ಎಂಬ ಬೇಡಿಕೆ ಆಯೋಗದ ಮುಂದೆಯೂ ಹೋಯಿತು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ತಮ್ಮವರಲ್ಲೇ ಅನೇಕರನ್ನು ಎದುರು ಹಾಕಿಕೊಂಡು ಒಂದೇ ರಾಜ್ಯ ಎಂದರು. ಆಯೋಗವೂ 1955ರ ವರದಿಯಲ್ಲಿ ಹಾಗೆಯೇ ಹೇಳಿತು. ಮುಂದಿನ ವರ್ಷ, ಹೊಸ ರಾಜ್ಯ ಹುಟ್ಟುವ ಮೊದಲೇ, ಹನುಮಂತಯ್ಯನವರು ಅಧಿಕಾರ ಕಳೆದುಕೊಂಡಿದ್ದರು.

ಇದರ ಜೊತೆಗೆ ಕೊಡಗನ್ನು ಇಟ್ಟು ನೋಡಬೇಕು. 1952ರಿಂದ 1956ರವರೆಗೆ ಕೊಡಗು ಒಂದು ರಾಜ್ಯ. 24 ಸದಸ್ಯರ ವಿಧಾನಸಭೆ, ಸಿ. ಎಂ. ಪೂಣಚ್ಚ ಮುಖ್ಯಮಂತ್ರಿ. ನಮ್ಮ ಒಂದು ಜಿಲ್ಲೆಯಷ್ಟೂ ದೊಡ್ಡದಲ್ಲದ ಸೀಮೆಗೆ ತನ್ನದೇ ಸಭೆ. ವಿಲೀನ ಬೇಡ ಎಂದೇ ಚುನಾವಣೆಗೆ ನಿಂತು ಗೆದ್ದವರೂ ಅದರಲ್ಲಿದ್ದರು. 1956ರ ನವೆಂಬರ್ 1ರಂದು ಆ ಸಭೆ ಇಲ್ಲವಾಯಿತು. ಕೊಡಗಿನಲ್ಲಿ ಆ ಕೊರಗು ಇನ್ನೂ ಆಗಾಗ ಕೇಳಿಸುತ್ತದೆ. ದಕ್ಷಿಣದಲ್ಲಿ ಕಾಸರಗೋಡಿನ ಕನ್ನಡಿಗರ ಪಾಡು ಬೇರೆ. ಅವರು ಕೇರಳಕ್ಕೆ ಸೇರಿ, ನಾವು ಮುಂಬಯಿಯಲ್ಲಿ ಕೂತ ಹಾಗೆ ತಿರುವನಂತಪುರದಲ್ಲಿ ಕೂತರು.

ಹುಡುಗನ ಪ್ರಶ್ನೆಗೆ ಈಗ ಬರಬಹುದು. ಬ್ರಿಟನ್ನಿನಲ್ಲಿ 1999ರಲ್ಲಿ ಸ್ಕಾಟ್ಲೆಂಡಿಗೆ ಪಾರ್ಲಿಮೆಂಟೂ ವೇಲ್ಸಿಗೆ ಅಸೆಂಬ್ಲಿಯೂ ಬಂದವು. ಶಾಲೆ, ಆಸ್ಪತ್ರೆಯಂಥ ವಿಷಯಗಳನ್ನು ಅವರೇ ನೋಡಿಕೊಳ್ಳುತ್ತಾರೆ. ಇಂಗ್ಲೆಂಡಿನ ಶಾಲೆ, ಆಸ್ಪತ್ರೆಯನ್ನು ಮಾತ್ರ ಎಲ್ಲರೂ ಕೂತ ಲಂಡನ್ನಿನ ಪಾರ್ಲಿಮೆಂಟು ನೋಡುತ್ತದೆ. ಆಗ ಸ್ಕಾಟ್ಲೆಂಡಿನ ಸದಸ್ಯ ಇಂಗ್ಲೆಂಡಿನ ಶಾಲೆಗೆ ಕೈ ಎತ್ತಬಹುದು, ಇಂಗ್ಲೆಂಡಿನ ಸದಸ್ಯ ಸ್ಕಾಟ್ಲೆಂಡಿನ ಶಾಲೆಗೆ ಕೈ ಎತ್ತುವಂತಿಲ್ಲ. ಇದು ಸರಿಯೇ ಎಂದು ಟಾಮ್ ಡಾಲ್ಯೆಲ್ ಎಂಬ ಸದಸ್ಯರು 1977ರಲ್ಲೇ ಕೇಳಿದ್ದರು. ಅವರು ವೆಸ್ಟ್ ಲೋಥಿಯನ್ ಎಂಬ ಕ್ಷೇತ್ರದವರು, ಅವರೇ ಸ್ಕಾಟ್ಲೆಂಡಿನವರು. ಪ್ರಶ್ನೆಗೆ ಆ ಕ್ಷೇತ್ರದ ಹೆಸರೇ ಬಿತ್ತು. 2004ರ ಜನವರಿಯಲ್ಲಿ ಅದು ಪುಸ್ತಕದಿಂದ ಎದ್ದು ಬಂತು. ಇಂಗ್ಲೆಂಡಿನ ವಿಶ್ವವಿದ್ಯಾಲಯಗಳ ಶುಲ್ಕವನ್ನು ವರ್ಷಕ್ಕೆ 3000 ಪೌಂಡಿನವರೆಗೆ ಏರಿಸುವ ಮಸೂದೆ 316ಕ್ಕೆ 311, ಐದೇ ಮತದ ಅಂತರದಲ್ಲಿ ಮುಂದೆ ಹೋಯಿತು. ಪರವಾಗಿ ಕೈ ಎತ್ತಿದವರಲ್ಲಿ ಸ್ಕಾಟ್ಲೆಂಡಿನ ಸದಸ್ಯರು ಬೇಕಾದಷ್ಟು ಜನ ಇದ್ದರು, ಅವರ ಊರಿನ ಮಕ್ಕಳಿಗೆ ಆ ಶುಲ್ಕ ತಾಗುವುದಿಲ್ಲ. ಇಂಗ್ಲೆಂಡಿನ ತಂದೆತಾಯಿಗೆ ಸಿಟ್ಟು ಬಂದರೆ ತಪ್ಪೇನು?

ಹಾಗಾದರೆ ಇಂಗ್ಲೆಂಡಿಗೂ ಬೇರೆ ಪಾರ್ಲಿಮೆಂಟು ಕೊಟ್ಟುಬಿಡಬಹುದಲ್ಲ? ಇಲ್ಲಿ ನನ್ನ ಲೆಕ್ಕ ಹೀಗಿದೆ. ಬ್ರಿಟನ್ನಿನ ಜನಸಂಖ್ಯೆಯಲ್ಲಿ ಆರರಲ್ಲಿ ಐದು ಪಾಲು ಇಂಗ್ಲೆಂಡಿನವರು. ಅಷ್ಟು ಜನರ ಒಂದು ಸಭೆ, ಅದರ ಒಬ್ಬ ಮುಖ್ಯಮಂತ್ರಿ ಎದ್ದರೆ, ಮೇಲಿನ ಸಭೆಯ ಪ್ರಧಾನಿ ಯಾರ ಪ್ರಧಾನಿ? ಮನೆಯ ಆರು ಕೋಣೆಗಳಲ್ಲಿ ಐದಕ್ಕೆ ಬೇರೆ ಬೀಗ ಹಾಕಿದರೆ ಉಳಿದ ಒಂದು ಕೋಣೆಯನ್ನು ಮನೆ ಎನ್ನಲಾಗದು. 2015ರಲ್ಲಿ ಅವರು ಒಂದು ನಡುದಾರಿ ಹುಡುಕಿದರು. ಇಂಗ್ಲೆಂಡಿಗೆ ಮಾತ್ರ ಸಂಬಂಧಿಸಿದ ಮಸೂದೆಗೆ ಇಂಗ್ಲೆಂಡಿನ ಸದಸ್ಯರ ಒಪ್ಪಿಗೆ ಬೇಕು ಎಂಬ ನಿಯಮ. ಅದು ತೊಡಕೆನಿಸಿ 2021ರಲ್ಲಿ ತೆಗೆದುಹಾಕಿದರು. ಅದಕ್ಕೂ ಮೊದಲು 2004ರಲ್ಲಿ ಇಂಗ್ಲೆಂಡಿನ ಈಶಾನ್ಯ ಭಾಗಕ್ಕೆ ಒಂದು ಪ್ರಾದೇಶಿಕ ಸಭೆ ಕೊಡುತ್ತೇವೆ ಎಂದಾಗ ಅಲ್ಲಿಯ ಜನರಲ್ಲಿ ಶೇಕಡಾ 78ರಷ್ಟು ಬೇಡ ಎಂದರು. ಅಧಿಕಾರವಿಲ್ಲದ ಸಭೆ, ಸಂಬಳ ತಿನ್ನುವ ಇನ್ನಷ್ಟು ಜನ ಎಂದು ಅವರಿಗೆ ಅನಿಸಿತ್ತು. ಇದು ನಮಗೂ ಅರ್ಥವಾಗುವ ಮಾತು.

ಹಳೆ ಮೈಸೂರು ಬೇರೆಯಾಗಿ ಉಳಿದಿದ್ದರೆ ಅದರ ಸಭೆ ಚೆನ್ನಾಗಿಯೇ ನಡೆಯುತ್ತಿತ್ತೋ ಏನೋ. ನಾವು ಇನ್ನೊಂದು ಬಡ ಕನ್ನಡ ರಾಜ್ಯದಲ್ಲಿ ಇರುತ್ತಿದ್ದೆವು. ಮೈಸೂರಿನವರು ಅಳುಕುತ್ತಲೇ ಬಾಗಿಲು ತೆರೆದರು, ಅದಕ್ಕೆ ನಾವು ಋಣಿಗಳು. ಹಾಗೆಂದು 1956ರಿಂದ ನಮಗೆ ಆದದ್ದೆಲ್ಲ ಒಳ್ಳೆಯದೇ ಎಂದು ಬರೆದರೆ ಇತಿಹಾಸದ ಮಾಸ್ತರನಾಗಿ ಸುಳ್ಳು ಹೇಳಿದ ಹಾಗಾಗುತ್ತದೆ.

ಒಂದೇ ಉದಾಹರಣೆ ಕೊಡುತ್ತೇನೆ, ಈ ಊರಿನ ಬಹುಪಾಲು ಮನೆಗಳಿಗೆ ತಾಗಿದ್ದು. ಮುಂಬಯಿ ವಿಧಾನಸಭೆ 1948ರಲ್ಲಿ ಗೇಣಿ ಕಾನೂನು ಮಾಡಿತ್ತು. ಆಮೇಲೆ ಅದಕ್ಕೆ ದೊಡ್ಡ ತಿದ್ದುಪಡಿ ತಂದು, 1957ರ ಏಪ್ರಿಲ್ 1ನ್ನು ಉಳುವವರ ದಿನ ಎಂದು ಗೊತ್ತು ಮಾಡಿತು. ಆ ದಿನದಿಂದ ಉಳುವ ಗೇಣಿದಾರ ಭೂಮಿಯನ್ನು ಕೊಂಡವನೆಂದೇ ಲೆಕ್ಕ, ಬೆಲೆಯನ್ನು ಕಂತಿನಲ್ಲಿ ಕಟ್ಟಬೇಕು. ತಿದ್ದುಪಡಿ ಜಾರಿಗೆ ಬಂದದ್ದು 1956ರ ಆಗಸ್ಟ್ 1ಕ್ಕೆ, ನಾವಿನ್ನೂ ಮುಂಬಯಿಯಲ್ಲಿ ಇದ್ದಾಗ. ನಡುವೆ ನವೆಂಬರ್ 1 ಬಂತು. ನಾವು ಹೊಸ ಮೈಸೂರು ರಾಜ್ಯಕ್ಕೆ ಸೇರಿದೆವು. ರತ್ನಾಗಿರಿಯ ಗೇಣಿದಾರನಿಗೆ ಬಂದ ಏಪ್ರಿಲ್ 1 ಹೊನ್ನಾವರದ ಗೇಣಿದಾರನಿಗೆ ಬರಲಿಲ್ಲ. ಹೊಸ ರಾಜ್ಯಕ್ಕೆ ಐದು ಕಡೆಯ ಐದು ಬಗೆಯ ಭೂಕಾನೂನುಗಳನ್ನು ಒಂದು ಮಾಡುವ ಕೆಲಸವಿತ್ತು. ಭೂ ಸುಧಾರಣಾ ಕಾಯಿದೆ 1961ರಲ್ಲಿ ಆಯಿತು, ಜಾರಿಗೆ ಬಂದದ್ದು 1965ರಲ್ಲಿ. ಅದಕ್ಕೆ ಹಲ್ಲು ಬಂದದ್ದು ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಂದು. ಹದಿನೇಳು ವರ್ಷ! ಆ ಹದಿನೇಳು ವರ್ಷಗಳಲ್ಲಿ ಒಡೆಯರ ಅಂಗಳಕ್ಕೆ ಗೇಣಿಯ ಭತ್ತ ಅಳೆದು ಹಾಕಿದವರು, ನಡುವೆ ಗದ್ದೆ ಬಿಡಿಸಿಕೊಂಡವರು ಎಷ್ಟು ಜನ? ನಮ್ಮ ಕಡೆಯ ಹಾಲಕ್ಕಿ, ನಾಮಧಾರಿ, ಇನ್ನೂ ಎಷ್ಟೋ ಸಮಾಜದ ಹಿರಿಯರನ್ನು ಕೇಳಿದರೆ ಇದರ ನಿಜವಾದ ಇತಿಹಾಸ ಸಿಗುತ್ತದೆ.

ಇದರ ಇನ್ನೊಂದು ಮಗ್ಗುಲನ್ನೂ ಹೇಳುತ್ತೇನೆ. 1974ರ ಕಾನೂನು ಬಂದಾಗ ಅದು ಮುಂಬಯಿಯ ಕಾನೂನಿಗಿಂತ ಗಟ್ಟಿಯಾಗಿತ್ತು. ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಏಳನೆಯ ನಂಬರಿನ ಅರ್ಜಿ ತುಂಬಿ ಡಿಕ್ಲರೇಷನ್ ಹಾಕಿದವನ ಹಕ್ಕನ್ನು ತಾಲೂಕಿನ ಭೂ ನ್ಯಾಯಮಂಡಳಿ ವಿಚಾರಿಸಿತು. ಮೊದಮೊದಲು ಅದರ ಮುಂದೆ ವಕೀಲರಿಗೆ ಪ್ರವೇಶವಿರಲಿಲ್ಲ. ಹುಟ್ಟಿದಂದಿನಿಂದ ಒಡೆಯರ ಎದುರು ತಲೆ ಎತ್ತದವನು ಮಂಡಳಿಯ ಎದುರು, ತನ್ನ ಮಾತಿನಲ್ಲಿ, ಈ ಗದ್ದೆ ನಾನು ಉಳುವುದು ಎಂದು ಹೇಳಬೇಕಾಯಿತು. ಕನ್ನಡದಲ್ಲಿ ನಡೆದ ವಿಚಾರಣೆ. ಮುಂಬಯಿಯಲ್ಲಿ ಕೂತ ಸಭೆ ಮಾಡಿದ ಒಳ್ಳೆಯ ಕಾನೂನು ನಮಗೆ ತಪ್ಪಿತು, ಬೆಂಗಳೂರಿನಲ್ಲಿ ಕೂತ ಸಭೆ ತಡವಾಗಿ ಮಾಡಿದ ಇನ್ನೂ ಒಳ್ಳೆಯ ಕಾನೂನು ದಕ್ಕಿತು. ಗೆದ್ದವರು ಯಾರು, ಕಾಯುತ್ತಲೇ ತೀರಿಕೊಂಡವರು ಯಾರು ಎಂಬುದನ್ನು ಮನೆ ಮನೆಯ ಲೆಕ್ಕದಲ್ಲೇ ನೋಡಬೇಕು. ಈ ಶಾಲೆಯ ಮೊದಲ ವರ್ಷಗಳ ಮಕ್ಕಳಲ್ಲಿ ಬಹಳ ಜನ ಅಂಥ ಡಿಕ್ಲರೇಷನ್ ಹಾಕಿದ ಮನೆಗಳಿಂದ ಬಂದವರು. ಹೊಟ್ಟೆಗೆ ತಮ್ಮದೇ ಗದ್ದೆಯ ಅಕ್ಕಿ ಇದ್ದುದರಿಂದ ಹೈಸ್ಕೂಲಿನ ಮೆಟ್ಟಿಲು ಹತ್ತಿದರು.

ಬೆಂಗಳೂರೂ ಹತ್ತಿರವಲ್ಲ. ಆಡಳಿತದಲ್ಲಿ ನಾವು ಬೆಳಗಾವಿ ವಿಭಾಗ, ಹೈಕೋರ್ಟಿಗೆ ಧಾರವಾಡದ ಪೀಠ, ಕಾಲೇಜಿಗೆ ಧಾರವಾಡದ ವಿಶ್ವವಿದ್ಯಾಲಯ, ದೊಡ್ಡ ಆಸ್ಪತ್ರೆಗೆ ಮಂಗಳೂರು ಅಥವಾ ಮಣಿಪಾಲ. ವಿಧಾನಸಭೆಗೆ ಹೊನ್ನಾವರ ತಾಲೂಕನ್ನು ಭಟ್ಕಳ, ಕುಮಟಾ ಎಂಬ ಎರಡು ಕ್ಷೇತ್ರಗಳಿಗೆ ಹಂಚಿದ್ದಾರೆ. ಉತ್ತರ ಕರ್ನಾಟಕದವರು ನಮ್ಮನ್ನು ಕರಾವಳಿಯವರು ಎನ್ನುತ್ತಾರೆ, ಕರಾವಳಿ ಎಂದರೆ ಮಂಗಳೂರು ಉಡುಪಿ ಎಂದು ಬೆಂಗಳೂರಿನವರು ತಿಳಿಯುತ್ತಾರೆ. 2002ರಲ್ಲಿ ಡಿ. ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ವರದಿ ಕೊಟ್ಟಿತು. 2012ರಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾಯಿತು. ವರ್ಷಕ್ಕೆ ಕೆಲವು ದಿನ ಅಲ್ಲಿ ಅಧಿವೇಶನ, ಉಳಿದ ದಿನ ಬೀಗ. ಹೈದರಾಬಾದ್ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿ ಸಿಕ್ಕಿತು, ಅವರು ಹೋರಾಡಿ ಪಡೆದರು, ಒಳ್ಳೆಯದೇ ಆಯಿತು. ಆಗಾಗ ಪ್ರತ್ಯೇಕ ರಾಜ್ಯದ ಮಾತೂ ಕೇಳುತ್ತದೆ. ಇನ್ನೊಂದು ರಾಜಧಾನಿ, ಇನ್ನೊಂದು ಸೌಧ ಕಟ್ಟುವುದರಿಂದ ಅಪ್ಸರಕೊಂಡದ ಹಳ್ಳದ ಸೇತುವೆಗೆ ದುಡ್ಡು ಬರುತ್ತದೆ ಎಂಬ ನಂಬಿಕೆ ನನಗಿಲ್ಲ.

ನನಗೆ ನಂಬಿಕೆ ಬಂದದ್ದು ಬೇರೆ ಒಂದು ಪ್ರಯೋಗದಲ್ಲಿ, ಅದನ್ನು ಮಾಡಿದವರು ನಮ್ಮ ಜಿಲ್ಲೆಯವರೇ. ಸಿದ್ದಾಪುರ ತಾಲೂಕಿನ ದೊಡ್ಮನೆಯ ರಾಮಕೃಷ್ಣ ಹೆಗಡೆಯವರು 1983ರಲ್ಲಿ ಮುಖ್ಯಮಂತ್ರಿಯಾದರು. ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬರು. ಆ ವರ್ಷ ಮಾಡಿದ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬೀಳಲು 1985 ಆಯಿತು. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಚುನಾವಣೆ ನಡೆಯಿತು. ಎಂಟು ಹತ್ತು ಸಾವಿರ ಜನಕ್ಕೆ ಒಂದು ಮಂಡಲ, ನಾಲ್ಕರಲ್ಲಿ ಒಂದು ಸ್ಥಾನ ಹೆಂಗಸರಿಗೆ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಮಂತ್ರಿಯ ದರ್ಜೆ. ಅಲ್ಲಿಯ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ. ಶಾಲೆ, ಆಸ್ಪತ್ರೆ, ಕುಡಿಯುವ ನೀರು ಜಿಲ್ಲೆಯ ಸಭೆಯ ಕೈಗೆ ಬಂದವು. ಶಾಲೆಯ ಮಾಡಿನ ಹಂಚು ಒಡೆದರೆ ಬೆಂಗಳೂರಿಗೆ ಬರೆಯದೆ ಕಾರವಾರಕ್ಕೆ ಹೋಗಿ ಜಗಳವಾಡಬಹುದಾಗಿತ್ತು. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಮನೆ. ಮಾಸ್ತರರಿಗೆ ವರ್ಗಾವಣೆಯ ಕಾಟ ಕೊಡುವ ಹೊಸ ರಾಜಕಾರಣಿಗಳೂ ಆಗಲೇ ಹುಟ್ಟಿಕೊಂಡರು. ಅದನ್ನು ಮುಚ್ಚಿಡುವುದಿಲ್ಲ. ಆದರೂ ಅವರ ಮನೆ ಎಲ್ಲಿದೆ ಎಂದು ನಮಗೆ ಗೊತ್ತಿತ್ತು.

ಅವಧಿ 1992ರಲ್ಲಿ ಮುಗಿದಾಗ ಸರ್ಕಾರ ಚುನಾವಣೆ ಮಾಡದೆ ಆಡಳಿತಾಧಿಕಾರಿಗಳನ್ನು ಕೂರಿಸಿತು. ಸಂವಿಧಾನದ 73ನೆಯ ತಿದ್ದುಪಡಿ ಬಂದು, 1993ರ ಹೊಸ ಕಾಯಿದೆಯಾಗಿ, ಗ್ರಾಮ, ತಾಲೂಕು, ಜಿಲ್ಲಾ ಪಂಚಾಯತಿಗಳು ಬಂದವು. ಸಂವಿಧಾನದಲ್ಲೇ ಬರೆದದ್ದರಿಂದ ಇನ್ನು ಯಾರೂ ಮುಟ್ಟುವಂತಿಲ್ಲ ಎಂದು ನಾನೇ ತರಗತಿಯಲ್ಲಿ ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಕಲಿಸಿದ್ದೆ. ರಾಜ್ಯದ ಜಿಲ್ಲಾ, ತಾಲೂಕು ಪಂಚಾಯತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಆ ಅವಧಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ವರ್ಷಗಳು ಉರುಳಿದವು, ಸಭೆಯ ಜಾಗದಲ್ಲಿ ಮತ್ತೆ ಅಧಿಕಾರಿಗಳು ಕೂತರು. 1862ರಲ್ಲಿ ಗವರ್ನರರು ನೇಮಿಸಿದವರು ನಮ್ಮ ವಿಷಯ ತೀರ್ಮಾನಿಸುತ್ತಿದ್ದರು ಎಂದು ಮೇಲೆ ಬರೆದೆನಲ್ಲ, ಅದನ್ನು ಓದುವಾಗ ಈ ಮಾತೂ ನೆನಪಿರಲಿ.

ಆ ಹುಡುಗ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಹೋದ ಚೌತಿಗೆ ಊರಿಗೆ ಬಂದವನು ಮನೆಗೆ ಬಂದಿದ್ದ. "ಸರ್, ಇಂಗ್ಲೆಂಡಿನವರಿಗೆ ಪಾರ್ಲಿಮೆಂಟ್ ಸಿಕ್ತಾ?" ಎಂದು ನಗುತ್ತ ಕೇಳಿದ. ಇಲ್ಲ ಮಾರಾಯ, ನಮ್ಮ ಜಿಲ್ಲಾ ಪಂಚಾಯತಿ ಚುನಾವಣೆಯ ತಾರೀಕು ಗೊತ್ತಾದರೆ ಮೊದಲು ಅದನ್ನು ಹೇಳು ಎಂದೆ. ಕಾಯಿಕಡುಬು ತಿನ್ನುತ್ತ ಅವನು ಇನ್ನೊಂದು ಕೇಳಿದ: "ಶಾಲಾ ಸಂಸತ್ತಿನ ಎಲೆಕ್ಷನ್ ಈಗಲೂ ಮಾಡ್ತಾರಾ ಸರ್?" ಮಾಡುತ್ತಾರೆ. ಪ್ರತಿ ವರ್ಷ, ಶಾಲೆ ಶುರುವಾದ ತಿಂಗಳಲ್ಲೇ, ಗುಪ್ತ ಮತದಾನ. ಒಂದು ವರ್ಷ ಅವನೇ ಅದರಲ್ಲಿ ನೀರಾವರಿ ಮಂತ್ರಿಯಾಗಿದ್ದ. ಶಾಲೆಯ ಬಾವಿಗೆ ಹೊಸ ಹಗ್ಗ ತರಿಸಿದ್ದು ಅವನ ಕಾಲದಲ್ಲೇ.